ಮೂರನೇ ಡ್ರಾಯರ್

ಆಗಸ್ಟ್ 19

ಪ್ರೀತಿಯ ಚಿಕ್ಕಮ್ಮನಿಗೆ,

ಮೊದಲಿಗೆ ಸಾರಿ. ಮೂರು ವರ್ಷದಿಂದ ಒಂದು ಸಾಲೂ ಬರೆಯದವಳು ಈಗ ಒಮ್ಮೆಲೇ ಹಾಳೆಗಟ್ಟಲೆ ಬರೆದರೆ ‘ಇವಳಿಗೆ ಏನೋ ಬೇಕಾಗಿದೆ’ ಎಂದು ನಿಮಗೆ ಅನ್ನಿಸುತ್ತದೆ. ಬೇಕಾಗಿರುವುದು ನಿಜ. ಅದಕ್ಕೂ ಸಾರಿ. ಫೋನ್ ಮಾಡೋಣವೆಂದರೆ ಫಸ್ಟ್ ಇಯರ್‌ನವರ ಫೋನುಗಳೆಲ್ಲ ವಾರ್ಡನ್ ಕಪಾಟಿನಲ್ಲಿವೆ. ಭಾನುವಾರ ಅರ್ಧ ಗಂಟೆ ಕೊಡುತ್ತಾರೆ, ಅದೂ ಅವರ ಎದುರೇ ಮಾತಾಡಬೇಕು. ನಿಮಗೆ ಬೇರೆ ಮಷೀನ್ ಸದ್ದಿಗೆ ಎಡಗಿವಿ ಮಂದವಾಗಿದೆ. ಇದು ನಾನು ಕಿರುಚಿ ಹೇಳುವ ವಿಷಯ ಅಲ್ಲ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಐದನೇ ಕ್ಲಾಸಿನಿಂದ ಹಾಸ್ಟೆಲ್ ಸ್ಕೂಲಲ್ಲಿ ಬೆಳೆದವಳು ನಾನು. ಅಲ್ಲಿ ಮನೆಯ ಭಾಷೆ ಆಡಿದರೆ ಬೋರ್ಡಿನ ಮೇಲೆ ಹೆಸರು ಬರೆಯುತ್ತಿದ್ದರು. ಈಗಲೂ ನನಗೆ ಯೋಚನೆ ಅರ್ಧ ಇಂಗ್ಲಿಷಿನಲ್ಲಿ ಬರುತ್ತದೆ, ಭಯ ಮಾತ್ರ ಪೂರ್ತಿ ನಮ್ಮ ಭಾಷೆಯಲ್ಲೇ ಬರುತ್ತದೆ.

ವಿಷಯ ಏನೆಂದರೆ, ಎಲ್ಲರೂ ಬೇಡವೆಂದರೂ ನಾನು ಮೆಕ್ಯಾನಿಕಲ್ ತೆಗೆದುಕೊಂಡೆ. ಅರವತ್ತು ಜನರಲ್ಲಿ ನಾವು ಹುಡುಗಿಯರು ಒಂಬತ್ತು. ವಾರಕ್ಕೆ ಎರಡು ದಿನ ವರ್ಕ್‌ಶಾಪ್. ಕಬ್ಬಿಣ ಕಡೆಯುವ ಒಂದು ಲೇತ್‌ಗೆ ನಾಲ್ವರ ಒಂದು ಬ್ಯಾಚ್. ನನ್ನ ಬ್ಯಾಚಿನಲ್ಲಿ ಮೂವರು ಹುಡುಗರು, ಮತ್ತೆ ನಾನು. ಮೊದಲ ದಿನವೇ ಅವರಲ್ಲೊಬ್ಬ (ತಾನೇ ಲೀಡರ್ ಎಂದುಕೊಂಡವನು, ನಾವೂ ಹಾಗೇ ಕರೆಯುತ್ತೇವೆ) ನಾಲ್ಕು ರೆಕಾರ್ಡ್ ಪುಸ್ತಕ ತಂದು ನನ್ನ ಕೈಗಿಟ್ಟ. “ನಿನ್ ಹ್ಯಾಂಡ್‌ರೈಟಿಂಗ್ ಸೂಪರ್ ಕಣೇ. ನಾಲ್ಕೂ ನೀನೇ ಬರ್ದುಬಿಡು, ಮಷೀನ್ ನಾವು ನೋಡ್ಕೋತೀವಿ.” ನಾಚಿಕೆಯ ಸಂಗತಿ ಎಂದರೆ, ಆಗ ನನಗೆ ಖುಷಿಯಾಯಿತು! ಹೊಗಳಿದನಲ್ಲ ಅಂತ.

ಐದು ವಾರ ಕಳೆಯಿತು. ನಾನು ಇನ್ನೂ ಮಷೀನ್ ಮುಟ್ಟಿಲ್ಲ. ಹತ್ತಿರ ಹೋದರೆ ಇನ್‌ಸ್ಟ್ರಕ್ಟರ್ ಸಾರ್ ಓಡಿ ಬರುತ್ತಾರೆ. “ಏ ಮಗಳೇ, ದೂರ ನಿಂತ್ಕೋ. ಆ ಕೂದಲು ಸಿಕ್ಕಾಕ್ಕೊಂಡ್ರೆ ನಿಮ್ಮಪ್ಪಂಗೆ ನಾನೇನ್ ಉತ್ತರ ಹೇಳ್ಲಿ?” ನನ್ನ ಕೂದಲು ಗಂಟು ಹಾಕಿ ಟೋಪಿಯೊಳಗಿದೆ. ಲೀಡರ್‌ನ ಕೂದಲು ಕಣ್ಣ ಮೇಲೆ ಜೋತಾಡುತ್ತದೆ. ಅವನಿಗೆ “ಏನ್ ಹೀರೋ” ಅನ್ನುತ್ತಾರೆ, ಅಷ್ಟೇ. ಸಾರ್ ಕೆಟ್ಟವರಲ್ಲ ಚಿಕ್ಕಮ್ಮ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದುಕೊಳ್ಳಬಹುದಿತ್ತು.

ನವೆಂಬರ್ ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ. ಮೂರು ಗಂಟೆ, ಒಬ್ಬೊಬ್ಬರೇ, ಕಬ್ಬಿಣದ ಸರಳನ್ನು ಅಳತೆಗೆ ಸರಿಯಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡೆಯಬೇಕು. ಫೇಲಾದರೆ ನನ್ನ ಮೆಕ್ಯಾನಿಕಲ್ ಸೀಟು ಹೋಗುತ್ತದೆ, ಬೇರೆ ಬ್ರಾಂಚಿಗೆ ಹಾಕುತ್ತಾರೆ. ಅಪ್ಪ ಅದನ್ನೇ ಕಾಯುತ್ತಿದ್ದಾರೆ ಅನ್ನಿಸುತ್ತದೆ.

ನೀವು ಇಪ್ಪತ್ತೆರಡು ವರ್ಷದಿಂದ ಲೇತ್ ನಡೆಸುತ್ತಿರುವ ಟರ್ನರ್. ನಿಮ್ಮ ಶೆಡ್ಡಿನಲ್ಲಿ ನೀವೊಬ್ಬರೇ ಹೆಂಗಸು. ಇದನ್ನು ನಾನು ಕ್ಲಾಸಿನಲ್ಲಿ ಜಂಬದಿಂದ ಹೇಳಿಯೂಬಿಟ್ಟಿದ್ದೇನೆ. ಟರ್ನರ್ ಆಗಲು ಕೊಡಬೇಕಾದ ಆ ಟ್ರೇಡ್ ಟೆಸ್ಟ್ ನೀವು ಹೇಗೆ ಪಾಸಾದಿರಿ? ನಿಮ್ಮನ್ನು ಮಷೀನ್ ಹತ್ತಿರ ಬಿಟ್ಟವರು ಯಾರು? ಎಲ್ಲ ಬರೆಯಿರಿ. ಅಮ್ಮನಿಗೆ ಹೇಳಬೇಡಿ ಪ್ಲೀಸ್. ಉದ್ದ ಆಯಿತು, ಸಾರಿ.

ಇಂತಿ ನಿಮ್ಮ,
ಗಾಬರಿ
(ಈ ಅಡ್ಡಹೆಸರು ಇಟ್ಟವರು ನೀವೇ, ನೆನಪಿರಲಿ)


ಆಗಸ್ಟ್ 28

ಗಾಬರಿಗೆ,

ಕಾಗದ ತಲುಪಿತು. ಮೂರು ಸಾರಿ ಇವೆ ಅದರಲ್ಲಿ. ಮುಂದಿನದರಲ್ಲಿ ಒಂದು ಕಂಡರೂ ಓದದೆ ವಾಪಸ್ ಕಳಿಸುತ್ತೇನೆ.

ಕೆಲಸದ ಮಾತಿಗೆ ಬರೋಣ. ಲೇತ್ ಎಂದರೆ ಎರಡು ಕೈಯ ಜಗಳ. ಎಡಗೈ ಕಬ್ಬಿಣ ಕತ್ತರಿಸುವ ಟೂಲನ್ನು ಉದ್ದಕ್ಕೆ ನಡೆಸುತ್ತದೆ, ಬಲಗೈ ಒಳಕ್ಕೆ ತಳ್ಳುತ್ತದೆ. ಒಂದು ಕೈ ಓಡುವಾಗ ಇನ್ನೊಂದು ಸುಮ್ಮನಿರಬೇಕು. ಹೊಸಬರಿಗೆ ಅದೇ ಬರುವುದಿಲ್ಲ. ಮಷೀನ್ ಕೊಡದಿದ್ದರೆ ಬೇಡ, ನಿಮ್ಮ ಹಾಸ್ಟೆಲ್ ಬಚ್ಚಲಲ್ಲಿ ಅಕ್ಕಪಕ್ಕ ಎರಡು ನಲ್ಲಿ ಇರುತ್ತವಲ್ಲ? ಎರಡನ್ನೂ ಒಟ್ಟಿಗೆ ಹಿಡಿ. ಎಡದ್ದನ್ನು ಒಂದೇ ಸಮ ತಿರುಗಿಸುತ್ತಾ ಹೋಗು. ಬಲದ ನಲ್ಲಿಯ ನೀರು ದಾರದಷ್ಟು ಸಣ್ಣಗೆ, ಹೆಚ್ಚಾಗದೆ ಕಡಿಮೆಯಾಗದೆ ಬೀಳುತ್ತಿರಬೇಕು. ಒಂದು ವಾರ ಮಾಡು.

ಚಕ್ ಅಂದರೆ ಸರಳನ್ನು ಕಚ್ಚಿ ಹಿಡಿದು ತಿರುಗಿಸುವ ಮೂರು ಹಲ್ಲಿನ ಬಾಯಿ. ಅದನ್ನು ಬಿಗಿ ಮಾಡುವ ಕೀ ಕೈಯಲ್ಲಿರಬೇಕು, ಇಲ್ಲವೇ ಮೇಜಿನ ಮೇಲೆ. ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಿದೆಯೋ, ಅದು ಹಾರಿ ಬಂದು ನಿನ್ನ ಹಲ್ಲು ಉದುರಿಸುತ್ತದೆ. ಕಬ್ಬಿಣದ ಸುರುಳಿ ಬರುತ್ತದೆ, ನೋಡಲು ಚೆಂದ, ಕೈಯಿಂದ ಮುಟ್ಟಬೇಡ.

ಇನ್ನೊಂದು. ಅವರ ಮೂರು ಪುಸ್ತಕ ನಿನ್ನ ಕೈಯಲ್ಲಿವೆ ಅಂತೀಯ. ಹಾಗಿದ್ದ ಮೇಲೆ ಹೆದರಬೇಕಾದವರು ಯಾರು?

ನನ್ನ ಟೆಸ್ಟು ಹಳೇ ಕಥೆ, ಬಿಡು.

ಚಿಕ್ಕಮ್ಮ


ಸೆಪ್ಟೆಂಬರ್ 15

ಪ್ರೀತಿಯ ಚಿಕ್ಕಮ್ಮನಿಗೆ,

ಎಷ್ಟು ಹೇಳಬೇಕಿದೆ ಎಂದರೆ ಎಲ್ಲಿಂದ ಶುರು ಮಾಡಲಿ ಗೊತ್ತಾಗುತ್ತಿಲ್ಲ. ಮೊದಲು ನಲ್ಲಿ. ಹತ್ತು ದಿನ, ದಿನಾ ಬೆಳಿಗ್ಗೆ. ಮೂರನೇ ದಿನ ಹೊರಗೆ ಕ್ಯೂ ನಿಂತಿದ್ದವರು ಬಾಗಿಲು ಬಡಿದರು. “ಒಳಗೇನ್ ರೇಡಿಯೋ ಟ್ಯೂನ್ ಮಾಡ್ತಿದ್ದೀಯೇನೇ?” ಎಂದು ನನ್ನ ರೂಮ್‌ಮೇಟ್. ಅವಳೂ ನನ್ನದೇ ಕ್ಲಾಸು. ಆದರೆ ಈಗ ನನ್ನ ಎಡಗೈ ಏನು ಮಾಡುತ್ತಿದೆ ಎಂದು ಬಲಗೈ ತಲೆ ಕೆಡಿಸಿಕೊಳ್ಳುವುದಿಲ್ಲ.

ಎರಡನೆಯದು, ಪುಸ್ತಕಗಳು. ನೀವು ಬರೆದ ಸಾಲನ್ನು ಇಪ್ಪತ್ತು ಸಲ ಓದಿದೆ. ಆಮೇಲೆ ರೆಕಾರ್ಡ್ ಸಬ್ಮಿಟ್ ಮಾಡುವ ಹಿಂದಿನ ದಿನ ಮೂವರ ಮುಂದೆ ಖಾಲಿ ಪುಟಗಳನ್ನು ತೆರೆದಿಟ್ಟೆ. ಲೀಡರ್‌ನ ಮುಖ ನೋಡಬೇಕಿತ್ತು.

“ಏನೇ ಇದು, ಬರ್ದೇ ಇಲ್ಲ?”

“ಬರೀತೀನಿ. ಒಂದು ಪುಟಕ್ಕೆ ಹತ್ತು ನಿಮಿಷ.”

“ಹತ್ತು ನಿಮಿಷದಲ್ಲಿ ಬರೀತೀಯಾ?”

“ಅಲ್ಲ. ಒಂದು ಪುಟ ಬರೆದ್ರೆ ನಂಗೆ ಹತ್ತು ನಿಮಿಷ ಮಷೀನ್.”

“ಬ್ಲಾಕ್‌ಮೇಲಾ?”

“ಹೂಂ,” ಅಂದೆ. ಹೇಳಿ ಪುಸ್ತಕಗಳನ್ನು ನನ್ನ ಕಡೆಗೇ ಎಳೆದುಕೊಂಡೆ.

ಈಗ ಸಾರ್ ಚಹಾ ಕುಡಿಯಲು ಹೋದಾಗೆಲ್ಲ ನನ್ನ ಹತ್ತು ನಿಮಿಷ. ಒಬ್ಬ ಬಾಗಿಲಲ್ಲಿ ಕಾವಲು. ಮೊದಲ ಕಟ್‌ಗೆ ಬೆಳ್ಳಿಯ ಹಾಗೆ ಸುರುಳಿ ಬಂತು ಚಿಕ್ಕಮ್ಮ, ಅಳು ಬಂದುಬಿಟ್ಟಿತು. ಆದರೆ ಒಂದು ಮಿಲಿಮೀಟರ್ ತೆಗೆಯಬೇಕಿದ್ದಲ್ಲಿ ಎರಡು ಹೋಯಿತು. ಹ್ಯಾಂಡಲ್ ಮೇಲಿನ ಅಳತೆಯ ಡಯಲ್ ಸರಿಯಾಗಿಯೇ ತಿರುಗಿಸಿದ್ದೆ, ಪ್ರಾಮಿಸ್. ಲೀಡರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಯಾಕೆ ಹೀಗಾಯಿತು?

ಮೂರನೆಯದು ಬರೆಯಲು ನನಗೇ ಒಂಥರಾ ಆಗುತ್ತಿದೆ. ಪರೀಕ್ಷೆಯ ಬಗ್ಗೆ ನಾನು ಉಗುರು ಕಚ್ಚುತ್ತಿದ್ದರೆ ರೂಮ್‌ಮೇಟ್ ಹೇಳಿದಳು, “ಅದಕ್ಕೆಲ್ಲ ಯಾಕೆ ಒದ್ದಾಡ್ತೀಯ? ಸಾರ್ ಮೇಜಿನ ಮೂರನೇ ಡ್ರಾಯರ್ ಇದೆಯಲ್ಲ.” ಆ ಡ್ರಾಯರಿನಲ್ಲಿ ಸಾರ್ ಮೊದಲೇ ಕಡೆದಿಟ್ಟ ಪೀಸುಗಳಿವೆಯಂತೆ. ಪರೀಕ್ಷೆಯ ದಿನ ಹುಡುಗರಿಗೆ ಹಸಿ ಸರಳು, ಹುಡುಗಿಯರಿಗೆ ಡ್ರಾಯರ್‌ನಿಂದ ಒಂದೊಂದು ಪೀಸು. ಅಂಚನ್ನು ಸ್ವಲ್ಪ ಅರ ಹಾಕಿ ಉಜ್ಜಿ, ನಮ್ಮ ರೋಲ್ ನಂಬರ್ ಪಂಚ್ ಮಾಡಿ ಕೊಟ್ಟರೆ ಆಯಿತು. ಎಲ್ಲ ಹುಡುಗಿಯರಿಗೂ ಐವತ್ತಕ್ಕೆ ಮೂವತ್ತೆಂಟು. ಎಷ್ಟೋ ವರ್ಷದಿಂದ ಹೀಗೇ. ಒಬ್ಬ ಹುಡುಗಿಯೂ ಫೇಲಾಗಿಲ್ಲ, ಒಬ್ಬ ಹುಡುಗಿಯೂ ಮೂವತ್ತೊಂಬತ್ತು ತೆಗೆದಿಲ್ಲ.

ನನಗೆ ಅದು ಬೇಡ. ಆದರೆ ಬೇಡ ಎಂದು ಹೇಳಿ ಫೇಲಾದರೆ? ನೀವಾದರೆ ಏನು ಮಾಡುತ್ತಿದ್ದಿರಿ? ನಿಮಗೆ ಯಾರೂ ಮಾಡಿಟ್ಟ ಪೀಸ್ ಕೊಟ್ಟಿರಲಿಕ್ಕಿಲ್ಲ, ಅಲ್ಲವೇ. ನೀವು ನಿಮ್ಮ ಟೆಸ್ಟಿನ ಕಥೆ ಬರೆದರೆ ನನಗೆ ಧೈರ್ಯ ಬರುತ್ತದೆ. ಈ ಸಲ ‘ಬಿಡು’ ಅನ್ನಬೇಡಿ.

ಗಾಬರಿ
(ಒಂದೂ ಸಾರಿ ಇಲ್ಲ, ನೋಡಿಕೊಳ್ಳಿ)


ಸೆಪ್ಟೆಂಬರ್ 24

ಗಾಬರಿಗೆ,

ಸರಳು ದುಂಡಗಿದೆ. ಟೂಲ್ ಒಂದು ಪಕ್ಕದಿಂದ ಅರ್ಧ ಮಿಲಿಮೀಟರ್ ತಿಂದರೆ ಸರಳು ತಿರುಗಿದಾಗ ಆ ಪಕ್ಕವೂ ಅರ್ಧ ಹೋಗುತ್ತದೆ. ಅದಕ್ಕೇ ಎರಡರಷ್ಟಾಯಿತು. ಡಯಲ್‌ನಲ್ಲಿ ಬೇಕಾದ್ದರ ಅರ್ಧ ಮಾತ್ರ ತಿರುಗಿಸು.

ಡ್ರಾಯರ್ ವಿಷಯ. ಕೊಟ್ಟರೆ ತೆಗೆದುಕೋ. ಪಾಸಾಗು. ಸೀಟು ಉಳಿಸಿಕೋ. ಹಠ ಮಾಡಿ ಕಳೆದುಕೊಂಡರೆ ನಾಳೆ ಯಾರೂ ಬಂದು ಕೊಡುವುದಿಲ್ಲ. ಕೆಲಸ ಆಮೇಲೆ ಕಲಿಯಬಹುದು.

ಇಲ್ಲಿ ಆರ್ಡರ್ ಜಾಸ್ತಿ. ಬರೆಯಲು ಬಿಡುವಿಲ್ಲ.

ಚಿಕ್ಕಮ್ಮ


ಅಕ್ಟೋಬರ್ 3

ಚಿಕ್ಕಮ್ಮನಿಗೆ,

ನಿಮ್ಮ ಕಾಗದ ಓದಿದೆ. ಇದೇ ಮಾತನ್ನು ಅಪ್ಪ ಹೇಳಿದ್ದರೆ ನನಗೆ ಆಶ್ಚರ್ಯ ಆಗುತ್ತಿರಲಿಲ್ಲ. ಸಾರ್ ಹೇಳಿದ್ದರೂ ಆಗುತ್ತಿರಲಿಲ್ಲ. ನೀವು ಗೆದ್ದು ಆಚೆ ದಡ ಸೇರಿದವರು, ಅದಕ್ಕೇ ಈಚೆ ಇರುವವರಿಗೆ ‘ಕೊಟ್ಟಿದ್ದು ತಗೋ’ ಎನ್ನುವುದು ಸುಲಭ.

ನಿಮಗೆ ಆರ್ಡರ್ ಜಾಸ್ತಿ ಇದೆ. ನಾನು ಇನ್ನು ತೊಂದರೆ ಕೊಡುವುದಿಲ್ಲ.

(ಡಯಲ್ ಸರಿಹೋಯಿತು.)


ಅಕ್ಟೋಬರ್ 21

ಪ್ರೀತಿಯ ಚಿಕ್ಕಮ್ಮನಿಗೆ,

ಹದಿನೆಂಟು ದಿನ ಆಯಿತು. ನಿಮಗೆ ಕೋಪ ಬಂದಿದೆ. ಬರಬೇಕಾದ್ದೇ. ಆ ಕಾಗದ ಡಬ್ಬಕ್ಕೆ ಹಾಕಿ ಹಿಂತಿರುಗುವಷ್ಟರಲ್ಲೇ ಕೈ ಒಳಗೆ ಹಾಕಿ ತೆಗೆಯೋಣವೇ ಅನ್ನಿಸಿತ್ತು.

ಇಲ್ಲಿ ವಿಷಯ ಬಾಯಿಂದ ಬಾಯಿಗೆ ಹೋಗಿ, ನಾನು ಡ್ರಾಯರ್ ಪೀಸ್ ತೆಗೆದುಕೊಳ್ಳುವುದಿಲ್ಲವಂತೆ ಎಂದು ಎಲ್ಲರಿಗೂ ಗೊತ್ತಾಗಿದೆ. ನಿನ್ನೆ ಉಳಿದ ಎಂಟೂ ಹುಡುಗಿಯರು ನಮ್ಮ ರೂಮಿನಲ್ಲಿ ಸೇರಿದರು. ಕೂರಲು ಜಾಗ ಸಾಲದೆ ಮೂವರು ಟ್ರಂಕಿನ ಮೇಲೆ ಕೂತರು. ರೂಮ್‌ಮೇಟೇ ಮಾತು ಶುರು ಮಾಡಿದ್ದು. “ನೀನೊಬ್ಬಳು ಮಷೀನ್ ಮೇಲೆ ಮಾಡಿದ್ರೆ, ಉಳಿದವರೂ ಮಾಡಿ ಅಂತಾರೆ. ನಿಂಗೆ ಹತ್ತು ನಿಮಿಷ ಸಿಕ್ತು. ನಮಗೆ ಯಾರೇ ಕೊಟ್ಟಿದ್ದಾರೆ? ನೀನು ಹೀರೋಯಿನ್ ಆಗೋಕೆ ನಾವು ಫೇಲಾಗ್ಬೇಕಾ?”

ಅವಳು ಹೇಳಿದ್ದು ನಿಜ. ಹತ್ತು ನಿಮಿಷ ಸಿಕ್ಕಾಗ ನಾನು ಯಾರ ಜೊತೆಗೂ ಹಂಚಿಕೊಳ್ಳಲಿಲ್ಲ, ಮುಚ್ಚಿಟ್ಟುಕೊಂಡೆ. ಈಗ ನೀವು ಹೇಳಿದ್ದೇ ಸರಿಯೇನೋ ಅನ್ನಿಸುತ್ತಿದೆ. ಎಲ್ಲರೂ ತಗೋ ಅನ್ನುತ್ತಿರುವಾಗ ನಾನೊಬ್ಬಳು ಬೇಡ ಅನ್ನುವುದು ಧೈರ್ಯವೋ ಕೊಬ್ಬೋ ನನಗೆ ತಿಳಿಯುತ್ತಿಲ್ಲ.

ಬೈದಾದರೂ ಬರೆಯಿರಿ.

ಗಾಬರಿ


ನವೆಂಬರ್ 6

ಗಾಬರಿಗೆ,

ಕೋಪ ಬಂದಿರಲಿಲ್ಲ. ಬರೆಯಲು ಕೂತರೆ ಒಂದೇ ಒಂದು ವಿಷಯ ಬರೆಯಬೇಕಿತ್ತು, ಅದನ್ನು ಬರೆಯಲು ಆಗುತ್ತಿರಲಿಲ್ಲ. ನಾಲ್ಕು ಸಲ ಹರಿದು ಹಾಕಿದೆ.

ನಾನು ಆಚೆ ದಡ ಸೇರಿದವಳಲ್ಲ. ನನ್ನ ಟ್ರೇಡ್ ಟೆಸ್ಟಿನ ಪೀಸನ್ನು ನಾನು ಮಾಡಲಿಲ್ಲ.

ಅವತ್ತು ನನ್ನ ಕೈ ನಡುಗುತ್ತಿತ್ತು. ಪಕ್ಕದ ಮಷೀನಿನ ಸೀನಿಯರ್ ಒಬ್ಬ ಚಿಂದಿ ಬಟ್ಟೆಯಲ್ಲಿ ಸುತ್ತಿ ಒಂದು ಪೀಸ್ ನನ್ನ ಕಡೆ ಸರಿಸಿದ. “ಟೆನ್ಷನ್ ಮಾಡ್ಕೋಬೇಡ ತಂಗೀ, ಇದನ್ನ ಕೊಟ್ಟುಬಿಡು, ಯಾರಿಗೆ ಗೊತ್ತಾಗುತ್ತೆ.” ಎಷ್ಟು ಒಳ್ಳೆಯವನು ಅಂದುಕೊಂಡೆ. ಕೊಟ್ಟೆ, ಪಾಸಾದೆ. ನನ್ನನ್ನು ಇವತ್ತಿಗೂ ತಿನ್ನುತ್ತಿರುವುದು ಇದೊಂದೇ: ನನಗೆ ಬರುತ್ತಿತ್ತು. ಅರ್ಧ ಗಂಟೆ ಬಿಟ್ಟಿದ್ದರೆ ಕೈ ನಡುಕ ತಾನಾಗಿ ನಿಲ್ಲುತ್ತಿತ್ತು, ನಾನೇ ಮಾಡುತ್ತಿದ್ದೆ.

ಆ ಸೀನಿಯರ್ ಆಮೇಲೆ ಫೋರ್‌ಮನ್ ಆದ. ದೊಡ್ಡ ಮಷೀನ್ ಕೊಡಿ ಎಂದು ನಾನು ಏಳು ಸಲ ಅರ್ಜಿ ಹಾಕಿದ್ದೇನೆ. ಏಳು ಸಲವೂ ಅವನು ನಗುತ್ತಾ ಅದೇ ಮಾತು ಕೇಳಿದ, “ಟೆಸ್ಟ್ ಪೀಸ್ ನೆನಪಿದೆಯಾ ತಂಗೀ?” ಬೈಯಲಿಲ್ಲ, ಬೆದರಿಸಲಿಲ್ಲ. ನೆನಪು ಮಾಡಿದ, ಅಷ್ಟೇ. ನಾನು ಅರ್ಜಿ ವಾಪಸ್ ತೆಗೆದುಕೊಂಡು ಬರುತ್ತಿದ್ದೆ. ನನ್ನ ಹತ್ತಿರ ಕೆಲಸ ಕಲಿತ ಹುಡುಗರು ದೊಡ್ಡ ಮಷೀನಿಗೆ ಹೋದರು. ನಾನು ಇಪ್ಪತ್ತೆರಡು ವರ್ಷ ಅದೇ ಚಿಕ್ಕ ಲೇತ್ ಮುಂದೆ. ಉಪಕಾರ ಅಂದುಕೊಂಡದ್ದು ಕುತ್ತಿಗೆಯ ಹಗ್ಗ ಆಗಿತ್ತು. ಅದರ ತುದಿ ಅವನ ಕೈಯಲ್ಲಿತ್ತು.

ನೀನು ಡ್ರಾಯರ್ ಬಗ್ಗೆ ಬರೆದಾಗ ನನಗೆ ನನ್ನ ಟೆಸ್ಟೇ ನೆನಪಾಯಿತು. ತಗೋ ಅಂದೆ. ನೀನು ಬೇಡ ಅಂದುಬಿಟ್ಟರೆ, ಅವತ್ತು ನಾನೂ ಬೇಡ ಅನ್ನಬಹುದಿತ್ತು ಎಂದಾಗುತ್ತದಲ್ಲ. ಅದಕ್ಕೆ ಹೆದರಿ ಬರೆದ ಮಾತು ಅದು. ಆ ಕಾಗದ ಹರಿದುಹಾಕು.

ಕಳೆದ ಬುಧವಾರ ಚಹಾ ಹೊತ್ತಿನಲ್ಲಿ ಎಲ್ಲರ ಮುಂದೆ ಫೋರ್‌ಮನ್ ಕಡೆ ಕೈ ತೋರಿಸಿ ಹೇಳಿಬಿಟ್ಟೆ. “ನನ್ನ ಟೆಸ್ಟ್ ಪೀಸ್ ಮಾಡಿದ್ದು ಇವರು, ನಾನಲ್ಲ. ಈಗ ಎಲ್ಲರ ಎದುರು ನನಗೆ ಮತ್ತೆ ಟೆಸ್ಟ್ ಇಡಿ, ದೊಡ್ಡ ಮಷೀನ್ ಮೇಲೇ ಇಡಿ.” ಕಿವಿ ಮಂದವಲ್ಲವೇ, ನನ್ನ ದನಿ ಯಾವಾಗಲೂ ಒಂದು ಮೆಟ್ಟಿಲು ಮೇಲೆ. ಇಡೀ ಶೆಡ್ಡಿಗೆ ಕೇಳಿಸಿತು. ಫೋರ್‌ಮನ್ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಸೋಮವಾರದಿಂದ ನನ್ನನ್ನು ಮಷೀನ್ ಬಿಡಿಸಿ ಟೂಲ್ ಸ್ಟೋರಿಗೆ ಹಾಕಿದ್ದಾರೆ. ಪರವಾಗಿಲ್ಲ, ಚೆನ್ನಾಗಿದೆ. ಕುರ್ಚಿ ಇದೆ, ಫ್ಯಾನ್ ಇದೆ.

ನಿನಗೆ ಇಷ್ಟೇ ಹೇಳುತ್ತೇನೆ. ಹಾಳಾದರೂ ನಿನ್ನ ಕೈಯಿಂದಲೇ ಹಾಳಾಗಲಿ. ಹ್ಯಾಂಡಲ್‌ನಲ್ಲಿ ಸ್ವಲ್ಪ ಸಡಿಲ ಇರುತ್ತದೆ. ಒಂದು ಕೂದಲು ಹೆಚ್ಚು ತಿರುಗಿಸಿದೆ ಅನ್ನಿಸಿದರೆ ಅಷ್ಟೇ ಹಿಂದೆ ತರಬೇಡ. ಪೂರ್ತಿ ಹಿಂದಕ್ಕೆ ತಂದು ಮತ್ತೆ ಮುಂದಕ್ಕೆ ಬಾ. ಮತ್ತೆ ಆ ಹುಡುಗಿಯರಿಗೂ ಮಷೀನ್ ತೋರಿಸು. ನಿನ್ನ ರೂಮ್‌ಮೇಟ್ ಕೇಳಿದ್ದು ನ್ಯಾಯ.

ಚಿಕ್ಕಮ್ಮ


ನವೆಂಬರ್ 28

ಪ್ರೀತಿಯ ಚಿಕ್ಕಮ್ಮನಿಗೆ,

ಪರೀಕ್ಷೆ ಮೊನ್ನೆ ಆಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿಮ್ಮ ಕಾಗದ ಬಂದ ಮೇಲೆ ನನ್ನ ಹತ್ತು ನಿಮಿಷವನ್ನು ಐದೈದು ಮಾಡಿ ಬೇರೆ ಹುಡುಗಿಯರನ್ನು ಕರೆದೆ. ಇಬ್ಬರು ಬಂದರು. ರೂಮ್‌ಮೇಟ್ ಬರಲಿಲ್ಲ. ಎರಡು ವಾರದಲ್ಲಿ ಅವರು ಎಷ್ಟು ಕಲಿತಾರು? ಪರೀಕ್ಷೆಯ ದಿನ ಅವರೂ ಡ್ರಾಯರ್ ಪೀಸನ್ನೇ ತೆಗೆದುಕೊಂಡರು. ಅವರನ್ನು ನಾನು ದೂರುವುದಿಲ್ಲ.

ಸಾರ್ ನಮ್ಮ ಪಾಳಿಯ ಹುಡುಗರಿಗೆಲ್ಲ ಸರಳು ಹಂಚಿ, ಮೂರನೇ ಡ್ರಾಯರ್ ಎಳೆದರು. ಪೀಸುಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿಟ್ಟಿದ್ದರು. ನನ್ನ ಮುಂದೆ ಬಂದು ಒಂದನ್ನು ಚಾಚಿದರು.

“ತಗೋ ಮಗಳೇ.”

“ಬೇಡ ಸಾರ್. ಸರಳು ಕೊಡಿ.”

“ಏನಂದೆ?”

“ಹುಡುಗ್ರಿಗೆ ಕೊಟ್ರಲ್ಲ ಸಾರ್, ಅದು.”

ಪಕ್ಕದಿಂದ ಲೀಡರ್, “ಸಾರ್, ಆಂಬುಲೆನ್ಸಿಗೆ ಹೇಳ್ಲಾ?” ಅಂದ. ಎಲ್ಲರೂ ನಕ್ಕರು. ಸಾರ್ ನಗಲಿಲ್ಲ. ಮೆತ್ತಗೆ ಹೇಳಿದರು, “ನಿನ್ ಒಳ್ಳೇದಕ್ಕೆ ಹೇಳ್ತಿರೋದು ಕಣಮ್ಮ. ಫೇಲಾದ್ರೆ ಸೀಟು ಹೋಗುತ್ತೆ.”

“ಹೋದ್ರೆ ನಂದೇ ತಾನೇ ಸಾರ್ ಹೋಗೋದು.”

ಕೊಟ್ಟರು. ಮೇಜಿನ ಮೇಲೆ ಟಣ್ ಎಂದು ಬೀಳುವ ಹಾಗೆ ಇಟ್ಟು ಹೋದರು.

ಮೊದಲ ಅರ್ಧ ಗಂಟೆ ಕೈ ನಡುಗಿತು. ನೀವು ಬರೆದಿದ್ದಿರಲ್ಲ, ಬಿಟ್ಟರೆ ತಾನಾಗಿ ನಿಲ್ಲುತ್ತದೆ ಎಂದು. ನಿಂತಿತು! ಮುಗಿಸಿ ಬ್ಯಾಚಿನ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದೆ. ದಪ್ಪ ಮೆಟ್ಟಿಲು ಇಪ್ಪತ್ತೆರಡು ಮಿಲಿಮೀಟರ್ ಬರಬೇಕಿತ್ತು, ಇಪ್ಪತ್ತೆರಡು ಪಾಯಿಂಟ್ ಒಂದು ಬಂತು. ಸಣ್ಣದು ಹದಿನೆಂಟು, ನನ್ನದು ಹದಿನೇಳು ಪಾಯಿಂಟ್ ಒಂಬತ್ತು. ಪಾಯಿಂಟ್ ಎರಡರವರೆಗೆ ಹೆಚ್ಚುಕಡಿಮೆ ಆಗಬಹುದು, ಆದ್ದರಿಂದ ಎರಡೂ ಸರಿ. ಉದ್ದ ಮಾತ್ರ ತಪ್ಪಿತು. ಮೂವತ್ತು ಇರಬೇಕಾದ್ದು ಇಪ್ಪತ್ತೊಂಬತ್ತು ಪಾಯಿಂಟ್ ಎರಡು. ಗುರುತು ಹಾಕುವಾಗ ಸ್ಕೇಲಿನ ತುದಿ ಸವೆದಿದ್ದನ್ನು ನೋಡದೆ ಆ ತುದಿಯಿಂದಲೇ ಹಿಡಿದಿದ್ದೆ. ಪೆದ್ದು ತಪ್ಪು, ಆದರೆ ನನ್ನದೇ ತಪ್ಪು.

ಸಾರ್ ಬಂದರು. ವರ್ನಿಯರ್ ಅವರ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಪೀಸನ್ನು ಬೆಳಕಿಗೆ ಹಿಡಿದು ನೋಡಿ, ಮೂರೂ ಅಳತೆಗೆ ಸೊನ್ನೆ ಬರೆದರು.

“ಸಾರ್, ಅಳೀಲೇ ಇಲ್ಲ.”

“ಇಪ್ಪತ್ತೆಂಟು ವರ್ಷದ ಕಣ್ಣಮ್ಮ ಇದು.”

“ಪಾಯಿಂಟ್ ಒಂದು ಮಿಲಿಮೀಟರ್ ಕಣ್ಣಿಗೆ ಕಾಣ್ಸುತ್ತಾ ಸಾರ್?”

ನನಗೇ ನನ್ನ ಬಾಯಿ ಯಾರದೋ ಅನ್ನಿಸಿತು. ಸಾರ್ ಮತ್ತೆ ಡ್ರಾಯರ್ ಹತ್ತಿರ ಹೋಗಿ ಆ ಪೀಸನ್ನೇ ತಂದರು. “ಇನ್ನೂ ಹತ್ತು ನಿಮಿಷ ಇದೆ. ಇದ್ರ ಮೇಲೆ ನಂಬರ್ ಹಾಕು. ನೀನು ಮಾತಾಡಿದ್ದನ್ನ ಮರೆತುಬಿಡ್ತೀನಿ.” ಅವರ ಮುಖದಲ್ಲಿ ನಿಜವಾಗಿಯೂ ಕನಿಕರ ಇತ್ತು ಚಿಕ್ಕಮ್ಮ. ನನಗೆ ನಿಮ್ಮ ಫೋರ್‌ಮನ್ ನೆನಪಾದ.

ಸುತ್ತಿಗೆ ತೆಗೆದುಕೊಂಡು ನನ್ನ ರೋಲ್ ನಂಬರನ್ನು ನನ್ನ ಪೀಸಿನ ಮೇಲೆ ಹೊಡೆದೆ. ಏಳರ ಅಂಕಿ ಸೊಟ್ಟ ಆಯಿತು. ಸೊನ್ನೆ ಬರೆದ ಹಾಳೆಯ ಕೆಳಗೆ ‘ಅಳೆದಿಲ್ಲ’ ಎಂದು ಬರೆದು ಸಹಿ ಮಾಡಿ ಬಂದೆ.

ಅದೇ ದಿನ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆ. ನನ್ನ ಪೀಸನ್ನು ನನ್ನೆದುರು ಅಳೆಯಬೇಕು, ಮತ್ತೆ ಮುಂದಿನ ಸೆಮಿಸ್ಟರಿನಿಂದ ಹುಡುಗಿಯರಿಗೂ ಹುಡುಗರಷ್ಟೇ ಹೊತ್ತು ಮಷೀನ್ ಕೊಡಬೇಕು ಎಂದು. ಡ್ರಾಯರ್ ಬಗ್ಗೆಯೂ ಬರೆದೆ, ಆದರೆ ಯಾವ ಹುಡುಗಿಯ ನಂಬರನ್ನೂ ಬರೆಯಲಿಲ್ಲ. ರೂಮ್‌ಮೇಟ್ ಮಂಚವನ್ನು ಆ ಗೋಡೆಗೆ ಎಳೆದುಕೊಂಡಿದ್ದಾಳೆ, ಮಾತು ಬಿಟ್ಟಿದ್ದಾಳೆ. ಆದರೆ ಇವತ್ತು ಮೆಸ್‌ನಲ್ಲಿ ಒಬ್ಬಳು, ಇಡೀ ಟರ್ಮ್ ಬಾಯಿಗೆ ಬೀಗ ಹಾಕಿಕೊಂಡಿದ್ದವಳು, ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತು ಕೇಳಿದಳು, “ಆ ಚಕ್‌ನ ಎಷ್ಟು ಬಿಗಿ ಮಾಡ್ಬೇಕು?”

ಪ್ರಿನ್ಸಿಪಾಲ್ ಡಿಸೆಂಬರ್ ಒಂಬತ್ತಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ, ಪೋಷಕರೊಂದಿಗೆ ಬಾ ಅಂದಿದ್ದಾರೆ. ಅಪ್ಪ ಬಂದರೆ ಕೂರುವ ಮೊದಲೇ ನನ್ನ ಪರವಾಗಿ ಕ್ಷಮೆ ಕೇಳುತ್ತಾರೆ. ಅದಕ್ಕೆ ಫಾರ್ಮಿನಲ್ಲಿ ನಿಮ್ಮ ಹೆಸರು ಬರೆದೆ. ಸಂಬಂಧ: ಚಿಕ್ಕಮ್ಮ. ಉದ್ಯೋಗ: ಟರ್ನರ್. ಗುಮಾಸ್ತರು ಓದಿ ಕನ್ನಡಕ ಸರಿಮಾಡಿಕೊಂಡರು. “ಟರ್ನರ್ರಾ? ಹೆಂಗಸರಾ?” “ಹೌದು, ಇಪ್ಪತ್ತೆರಡು ವರ್ಷ ಸರ್ವಿಸ್,” ಅಂದೆ. ಸ್ಟೋರ್ ಎಂದು ಬರೆಯಲಿಲ್ಲ. ಕುರ್ಚಿ ಇದೆ, ಫ್ಯಾನ್ ಇದೆ ಎಂದು ಬರೆದಿರಿ. ನೀವು ನಮ್ಮ ಮನೆಗೆ ಬಂದಾಗಲೂ ಒಂದು ಕಡೆ ಕೂತವರಲ್ಲ. ಅಲ್ಲಿ ಕೂತು ನಿಮಗೆ ಏನಾಗುತ್ತಿದೆ ಎಂದು ನೀವು ಬರೆಯದಿದ್ದರೂ ನನಗೆ ಗೊತ್ತಾಯಿತು.

ಇಲ್ಲಿ ನಿಮ್ಮ ಟೆಸ್ಟಿನ ವಿಷಯ ಯಾರಾದರೂ ಎತ್ತಿದರೆ ಎತ್ತಲಿ. ನೀವೇ ಹೇಳಿಬಿಟ್ಟಿದ್ದೀರಿ, ಇನ್ನು ಅವರ ಕೈಯಲ್ಲಿ ಏನಿದೆ? ನಿಮ್ಮದೇ ಮೈಕ್ರೋಮೀಟರ್ ತನ್ನಿ, ಇಲ್ಲಿಯದು ಸಾರ್ ಕಪಾಟಿನಲ್ಲಿದೆ. ನನ್ನ ಪರವಾಗಿ ಒಂದು ಮಾತೂ ಆಡಬೇಡಿ. ಅಳತೆ ಎಷ್ಟು ಬಂತೋ ಅಷ್ಟನ್ನು, ನಿಮ್ಮ ಆ ಶೆಡ್ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಓದಿ. ಉದ್ದ ತಪ್ಪಿದ್ದನ್ನೂ ಓದಿ. ಸೀಟು ಹೋದರೆ ಆ ಒಂದು ಅಳತೆಗೆ ಹೋಗಲಿ, ಅಳೆಯದ ಎರಡಕ್ಕೆ ಹೋಗುವುದು ಬೇಡ.

ಸ್ಟೋರ್‌ನವರು ರಜೆ ಕೊಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬರುತ್ತೀರಾ, ಇಲ್ಲವಾ? ಒಂದು ಸಾಲು ಸಾಕು, ಬೇಗ ಬರೆಯಿರಿ.

ನಿಮ್ಮ ಅಕ್ಕನ ಮಗಳು